ಸವತಿ ಬಂದ ಸುದ್ದಿಗೆ ಉಡುಗೊರೆ

ಜಂಗಿರ್,

ನಿನ್ನವಳು ಬಂದಿದ್ದಾಳೆ. ಕತ್ತಿಗೆ ಬಿಗಿದಿದ್ದ ಬಲೆಯನ್ನು ನೀನು ಕತ್ತರಿಸಿ ಬಿಡಿಸಿದ್ದೆಯಲ್ಲ, ಅದೇ ಸೀಲ್, ಆ ಕಡಲುನಾಯಿ. ಬೆಳಿಗ್ಗೆ ಪಕ್ಕದ ಮನೆಯ ಕಲಂಪಿರ್ ಏದುಸಿರು ಬಿಡುತ್ತಾ ಬಂದು, "ರೌಶನ್, ಸುಯಿಂಶಿ ಕೊಡೇ! ನಿನ್ನ ಸವತಿ ದಡಕ್ಕೆ ಬಂದಿದ್ದಾಳೆ" ಅಂದಳು.

"ಸುಯಿಂಶಿ ಕೊಡೋದು ಒಳ್ಳೇ ಸುದ್ದಿ ತಂದವರಿಗೆ. ಸವತಿ ಬಂದಳು ಅಂತ ಯಾರಾದ್ರೂ ಉಡುಗೊರೆ ಕೊಡ್ತಾರಾ? ಹೋಗೇ!" ಅಂತ ಗದರಿದೆ.

ಆದರೂ ಹೋದೆ. ಕಾಸ್ಪಿಯನ್ ಕಡಲೆಲ್ಲಾ ತನ್ನದೇ ಅನ್ನೋ ಹಾಗೆ ಬಂಡೆ ಮೇಲೆ ಮೈಚಾಚಿದ್ದಳು. ಕತ್ತಿನ ಸುತ್ತ ಆ ಕಲೆ ಹಾಗೇ ಇದೆ. ನನ್ನ ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿದಳು. ನೀನಲ್ಲ ಅಂತ ಗೊತ್ತಾದದ್ದೇ ಮುಖ ತಿರುಗಿಸಿದಳು. ನನಗೆ ಹೊಟ್ಟೆ ಉರಿದುಹೋಯಿತು. ಅವಳ ಗಂಟಲಿಗೆ ಸಿಕ್ಕೀತು ಅಂತ ನಮ್ಮ ಮನೆಯೊಳಗೆ ಒಂದು ಪ್ಲಾಸ್ಟಿಕ್ ಚೀಲ ಬರಗೊಡಲಿಲ್ಲ ನೀನು. ನೀನು ಮಣ್ಣು ಸೇರಿದ ಮೇಲೂ ನಾನು ಹಾಲಿಗೆ ಗಾಜಿನ ಜಾಡಿ ಹಿಡಿದುಕೊಂಡೇ ಹೋಗ್ತೀನಿ. ಅವಳಿಗೇನು ಗೊತ್ತು?

ನಿನ್ನ ಕೈಯ ಗುರುತು ಅವಳ ಕತ್ತಿನಲ್ಲಿದೆ. ನನಗೆ ಅಂತ ನೀನು ಬಿಟ್ಟು ಹೋದದ್ದು ಆ ನೀಲಿ ರೇಷ್ಮೆ ಶಾಲು ಒಂದೇ.

ಈಗ ಅದನ್ನು ಹೊದ್ದುಕೊಂಡು ಕಲಂಪಿರ್ ಬೀದಿಯೆಲ್ಲಾ ಮೆರೆಯುತ್ತಿದ್ದಾಳೆ.