ಕೃಷ್ಣವ್ವನ ಹೊಲದ ಮುಯ್ಯಿ

ಹೂಲಿ,
18 ಆಗಸ್ಟ್ 2024

ಪ್ರೀತಿಯ ಸೊಸೆ ಗಂಗಾಳಿಗೆ,

ನಿನ್ನ ಆರೋಗ್ಯ ಹೇಗಿದೆ? ರಾಮದುರ್ಗದಲ್ಲಿ ಬೀಗರೆಲ್ಲ ಕ್ಷೇಮವೆ? ನೀನು ತವರಿಗೆ ಹೋಗಿ ತಿಂಗಳಾಯಿತು. ನನ್ನ ಫೋನ್ ಎತ್ತುವುದಿಲ್ಲ. ಅದಕ್ಕೇ ಶ್ರೀಶೈಲನ ಕೈಯಲ್ಲಿ ಈ ಕಾಗದ. ಸಿಟ್ಟು ನನ್ನ ಮೇಲಿರಲಿ, ಕಾಗದ ತಂದ ನಿನ್ನ ಗಂಡನಿಗೆ ಊಟ ಹಾಕಿ ಕಳಿಸು.

ನೀನು ಹೋದ ದಿನ ಹೊಲವಿದ್ದ ಏಳು ಮನೆಯವರು ನಮ್ಮ ಕಟ್ಟೆಯ ಮೇಲೆ ಕೂತು, ಕಳೆ ತೆಗೆಯುವ ಹೆಂಗಸರಿಗೆ ದಿನಕ್ಕೆ ಇನ್ನೂರೈವತ್ತು ರೂಪಾಯಿಗಿಂತ ಯಾರೂ ಹೆಚ್ಚು ಕೊಡಬಾರದೆಂದು ಗೊತ್ತುಮಾಡಿದೆವು. ಗಂಡಾಳಿಗೆ ಐದುನೂರು. ಚಹಾ ತಂದ ನೀನು ಎಲ್ಲರೆದುರೇ, “ಅತ್ತೀ, ಏಳೂ ಮನಿಯವರು ಒಂದಾದ್ರ ಅವರು ಯಾರ ಕಡೆ ಕೇಳಬೇಕ್ರಿ?” ಎಂದು ಕೇಳಿದೆ. “ಅಷ್ಟು ಮರಗೂದಿದ್ರ ಅವರ ಸಂಗಾಟ ಕುರ್ಪಿ ಹಿಡಕೊಂಡು ಕಳೆ ತಗಿಯಾಕ ಹೋಗು” ಎಂದು ನಾನು ಗದರಿದೆ. ಸಂಜೆಯ ಬಸ್ಸಿಗೆ ನೀನು ಹೊರಟುಹೋದೆ.

ಮರುವಾರದಿಂದ ಯರಗಟ್ಟಿ ಕಡೆಯ ಟಂಟಂ ಗಾಡಿ ಬೆಳಗ್ಗೆ ಏಳಕ್ಕೇ ಓಣಿಗೆ ಬಂದು ಹೆಂಗಸರನ್ನೆಲ್ಲ ಮುನ್ನೂರೈವತ್ತಕ್ಕೆ ಕರೆದೊಯ್ಯತೊಡಗಿತು. ನಮ್ಮ ಹತ್ತಿಯಲ್ಲಿ ಕಳೆ ಮೊಣಕಾಲುದ್ದ ಬೆಳೆಯಿತು. ದರ ಏರಿಸಿದರೆ ಏಳು ಮನೆಯ ಮಾತು ಮುರಿದವಳು ನಾನಾಗುತ್ತಿದ್ದೆ. ಕಡೆಗೆ, ಇಪ್ಪತ್ತು ವರ್ಷ ನಮ್ಮಲ್ಲಿ ದುಡಿದ ಕೃಷ್ಣವ್ವನ ಬಾಗಿಲಿಗೆ ಹೋದೆ. “ಅವ್ವಾರ, ಉದ್ಯೋಗ ಖಾತ್ರಿಯೊಳಗ ಗಂಡಸರಿಗೂ ನಮಗೂ ಒಂದ ಪಗಾರ. ನಿಮ್ಮ ಅರ್ಧಾ ಪಗಾರಕ್ಕ ಬರಂಗಿಲ್ರಿ. ಮುಯ್ಯಿಗಾದ್ರ ಬರತೇನಿ” ಎಂದಳು. ಮುಯ್ಯಿಯಲ್ಲಿ ದುಡ್ಡಿನ ಮಾತಿಲ್ಲ. ಅವಳು ನನ್ನ ಹೊಲದಲ್ಲಿ ಒಂದು ದಿನ, ಅವಳು ಗುತ್ತಿಗೆಗೆ ಹಿಡಿದ ಎರಡೆಕರೆಯಲ್ಲಿ ನಾನು ಒಂದು ದಿನ. ಹೊಲದೊಡತಿಯ ದಿನ ದೊಡ್ಡದು, ಆಳಿನ ದಿನ ಸಣ್ಣದು ಎಂದಿಲ್ಲ. ನನ್ನ ಬದಲಿಗೆ ಆಳು ಕಳಿಸುತ್ತೇನೆ ಎಂದೆ. “ಆಳ ಸಿಗೂದಿದ್ರ ನನ್ನ ಬಾಗಲಿಗೆ ಯಾಕ ಬರತಿದ್ರಿ?” ಎಂದು ನಕ್ಕಳು.

ಅವಳೂ ಮಗಳು ರೇಣುವೂ ಮೂರು ದಿನ ಬಂದು ಹತ್ತಿ ಉಳಿಸಿದರು. ಈ ವಾರ ನಾನು ಅವಳ ಹೊಲಕ್ಕೆ ಹೋದೆ. ಮೊದಲ ದಿನವೇ ಮಧ್ಯಾಹ್ನಕ್ಕೆ ಸೊಂಟ ನೆಟ್ಟಗಾಗಲಿಲ್ಲ. ನನ್ನ ಸಾಲು ಹಿಂದೆ ಬಿದ್ದಾಗ ರೇಣು ಎದುರು ತುದಿಯಿಂದ ತೆಗೆಯುತ್ತ ಬಂದಳು. ಊಟದ ಹೊತ್ತಿಗೆ ತನ್ನ ಮನೆಯ ಪುಂಡಿಪಲ್ಯ ನನಗೆ ನೀಡಲು ಕೃಷ್ಣವ್ವ ಅಳುಕಿದಳು. ನಾನೇ ರೊಟ್ಟಿ ಮುಂದೆ ಚಾಚಿದೆ. ಹೆಂಗಸರದು ಅರ್ಧ ಕೆಲಸ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವಳು ನಾನು. ಅದು ತಪ್ಪಾಗಿತ್ತೆಂದು ಇನ್ನೊಮ್ಮೆ ಬರೆಯುವುದಿಲ್ಲ.

ಬೀಗರಿಗೆ ನನ್ನ ಶರಣು ತಿಳಿಸು. ನಿನಗೆ ಆಶೀರ್ವಾದ.

ನಿನ್ನ ಅತ್ತೆ,
ಸಿದ್ದಲಿಂಗವ್ವ

ತಾ.ಕ.: ಇಬ್ಬರ ಮೂರು ದಿನವೆಂದರೆ ಆರು ದಿನದ ಮುಯ್ಯಿ. ನಾನು ತೀರಿಸಿದ್ದು ಮೂರು. ಉಳಿದದ್ದಕ್ಕೆ ಬುಧವಾರದಿಂದ ನನ್ನ ಸೊಸೆ ಬರುತ್ತಾಳೆಂದು ಕೃಷ್ಣವ್ವನಿಗೆ ಮಾತು ಕೊಟ್ಟಿದ್ದೇನೆ. ಹೊಸ ಕುರ್ಪಿ ತಂದಿಟ್ಟಿದ್ದೇನೆ. ಬರುವ ಭಾನುವಾರ ಏಳು ಮನೆಯವರು ಮತ್ತೆ ಕೂಡುತ್ತಾರೆ. ಅಂದು ಚಹಾ ಶ್ರೀಶೈಲ ತರಲಿ. ನೀನು ನನ್ನ ಪಕ್ಕದಲ್ಲಿ ಕೂಡ್ರು.