ಎಡಗಡೆಯ ಬಕನ್

ಪೀಟರ್‌ಹೆಡ್, ಭಾನುವಾರ

ಫ್ರೇಸರ್ ಅಣ್ಣನಿಗೆ,

ಫೋನಿನಲ್ಲಿ ಕೇಳಿದರೆ ನಕ್ಕು ತಪ್ಪಿಸಿಕೊಳ್ಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಕಡಲಿನ ತೈಲಬಾವಿಗೆ ಹೊರಡುವಾಗ ನಿನ್ನ ಕಂಪ್ಯೂಟರ್ ಫುಟ್‌ಬಾಲ್ ತಂಡವನ್ನು ನನಗೆ ಒಪ್ಪಿಸಿ, ಎಡಗಡೆಯ ಡಿಫೆಂಡರ್ ಬಕನ್‌ನನ್ನು ಮಾತ್ರ ಮುಟ್ಟಬೇಡ ಎಂದಿದ್ದೆ. ನಾಲ್ಕು ಪಂದ್ಯ ಸೋತೆ. ಗೋಲುಗಳೆಲ್ಲ ಅವನು ಮುಂದಕ್ಕೆ ಓಡಿ ಬಿಟ್ಟುಹೋದ ಜಾಗದಿಂದಲೇ ಬಂದವು. ಚಹಾ ತಂದ ಅಮ್ಮ ಪರದೆ ನೋಡಿ, "ಇವ್ನೇನೋ, ಮನೆ ಬಾಗ್ಲು ತೆಗೆದಿಟ್ಟು ಪೇಟೆಗೆ ಹೋಗ್ಬಿಡ್ತಾನೆ" ಅಂದಳು.

ನಮ್ಮೂರಲ್ಲಿ ಬೀದಿಗೆ ಹತ್ತು ಜನ ಬಕನ್ ಮನೆತನದವರಿದ್ದಾರೆ, ಹಾಗಾಗಿ ನನಗೇನೂ ಅನಿಸಿರಲಿಲ್ಲ. ಆ ಡಿಫೆಂಡರ್‌ನನ್ನು ಹಿಂದೆ ನಿಲ್ಲಿಸೋಣವೆಂದು ಆಟದಲ್ಲಿ ಅವನ ವಿವರದ ಪುಟ ತೆರೆದೆ. ಯುವನ್ ಬಕನ್. ನನ್ನದೇ ಹೆಸರು, ನನ್ನದೇ ಹುಟ್ಟಿದ ದಿನ. ಗಾಯಗಳ ಪಟ್ಟಿ ಮಾತ್ರ ಖಾಲಿ. ನನ್ನ ಆಟ ನಿಲ್ಲಿಸಿದ ಮೊಣಕಾಲು ಅಲ್ಲಿ ಮುರಿದೇ ಇಲ್ಲ.

ಅವನನ್ನು ಓಡಲು ಬಿಟ್ಟೆ. ಬಲಗಡೆಯವನನ್ನು ಹಿಂದೆ ನಿಲ್ಲಿಸಿ, ಮಧ್ಯದವನೊಬ್ಬನನ್ನು ಅವನ ಖಾಲಿ ಜಾಗಕ್ಕೆ ಕಾವಲಿಟ್ಟೆ. ನಿನ್ನೆಯ ಪಂದ್ಯದಲ್ಲಿ ಎದುರಾಳಿಗೆ ಒಂದೂ ಗೋಲು ಬಿಡಲಿಲ್ಲ. ಈ ಬದಲಾವಣೆ ಇರಲೋ ಬೇಡವೋ, ತಿಳಿಸು.

ಇನ್ನೊಂದು ಮಾತು. ತಂಡ ಒಂಬತ್ತು ಸೀಸನ್ ಸೋಲುತ್ತಾ ಬಂದರೂ ನೀನು ನನ್ನನ್ನು ಒಂದು ದಿನವೂ ಹೊರಗೆ ಕೂರಿಸಲಿಲ್ಲವಲ್ಲ, ಯಾಕೆ?

ನಿನ್ನ ತಮ್ಮ,
ಯುವನ್