ಎತ್ತಿದ ಕೈ

ವಿಮಾನ ತರಬೇತಿ ಶಾಲೆಯ ಹಾಸ್ಟೆಲ್,
ಕೋಣೆ ಹನ್ನೊಂದು,
ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಭುಜದ ನೋವು ಇಳಿದಿದೆಯೇ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀರೋ, ಅಥವಾ ಅಮ್ಮನ ಮುಂದೆ ಎರಡು ಸಲ ಕೈ ತಿರುಗಿಸಿ ಪೇಪರ್ ಹಿಡಿದು ಕೂತುಬಿಡುತ್ತೀರೋ? ಬಸ್ಸಿನ ಸ್ಟೀರಿಂಗ್ ಬಿಟ್ಟು ವರ್ಷವಾದರೂ ಆ ಬಲಭುಜ ಇನ್ನೂ ನೋಯುತ್ತಿದೆಯೆಂದರೆ ಅದಕ್ಕೆ ಬಸ್ಸೊಂದೇ ಕಾರಣವಲ್ಲ. ತಮಾಷೆಗೆ ಅಂದೆ. ಅರ್ಧ ತಮಾಷೆಗೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ, ಬೈಯಬೇಡಿ; ಬಲಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿದ್ದಾರೆ, ಕತ್ತಿನ ಕೆಳಗಿನ ಮೂಳೆ ಬಿರುಕು ಬಿಟ್ಟಿದೆ. ಮೆಟ್ಟಿಲ ಮೇಲೆ ಜಾರಿಬಿದ್ದೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಮೈಮೇಲೆ ಗಾಯ ಕಂಡಾಗಲೆಲ್ಲ ಮೆಟ್ಟಿಲ ಮೇಲೆ ಹಾಕುವುದು ನಮ್ಮ ಮನೆಯ ಅಭ್ಯಾಸವಲ್ಲವೇ, ಬಾಯಿಗೆ ತಾನಾಗಿಯೇ ಬಂತು.

ನಿಜ ಹೇಳುತ್ತೇನೆ. ಹದಿನೈದು ದಿನದ ಹಿಂದೆ ನಾನು ವಿಮಾನವನ್ನು ನೆಲಕ್ಕೆ ಅಪ್ಪಳಿಸಿದೆ. ನ್ಯಾವಿಗೇಷನ್ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ, ಒಬ್ಬಳೇ ಹಾರುವ ದಿನವನ್ನು ಮೂರು ಸಲ ಮುಂದೆ ಹಾಕಿದಾಗ, ಗೋಡೆಗೆ ಪುಸ್ತಕ ಎಸೆದು, ಅತ್ತು, ಮತ್ತೆ ಅದೇ ಪುಸ್ತಕ ಎತ್ತಿಕೊಂಡು ಕೂತವಳು ನಾನು. ನೂರ ಎಪ್ಪತ್ತೊಂದು ಗಂಟೆ ಹಾರಿದ್ದೆ. ಇನ್ನೂರು ತುಂಬಿದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ಕೊನೆಯ ಪರೀಕ್ಷೆ. ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರಿಗೆ ನಾವಿಟ್ಟ ಹೆಸರು ಮೆಲ್ಲಗೆ ಸಾರ್. ವಿಮಾನ ಇಳಿಸುವಾಗ ಅವರ ಬಾಯಲ್ಲಿ ಬರುವುದು ಅದೊಂದೇ ಮಾತು, "ಮೆಲ್ಲಗೆ ಕಣಮ್ಮಾ, ಮೆಲ್ಲಗೆ." ನಾನು ಎಂಥ ತಪ್ಪು ಮಾಡಿದರೂ ಅವರ ದನಿ ಏರಿದ್ದಿಲ್ಲ, ಕೈ ತೊಡೆ ಬಿಟ್ಟು ಮೇಲೆ ಬಂದದ್ದಿಲ್ಲ. ಅವತ್ತು ಬೆಳಗಿನ ಬಿಸಿಲು ನೇರ ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ರನ್‌ವೇ ಇನ್ನು ಎರಡಾಳುದ್ದ ಕೆಳಗೆ. ವಿಮಾನಕ್ಕೂ ಸ್ಟೀರಿಂಗಿನಂಥದ್ದೇ ಒಂದಿದೆ ಅಪ್ಪಾ, ಯೋಕ್ ಅನ್ನುತ್ತೇವೆ. ಎಳೆದರೆ ಮೂಗು ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಆ ಹೊತ್ತಿನಲ್ಲಿ ಅದನ್ನು ಎದೆಯ ಕಡೆಗೆ ಎಳೆಯುತ್ತಲೇ ಇರಬೇಕು. ನಾನು ಕಣ್ಣು ಕಿವುಚಿದ್ದು ಕಂಡು ಸಾರ್ ನನ್ನ ಮುಂದಿದ್ದ ಬಿಸಿಲುಮರೆಯನ್ನು ಇಳಿಸಲು ಕೈ ಎತ್ತಿದರು. ಅಷ್ಟೇ. ನನ್ನ ಎರಡೂ ಕೈ ಯೋಕ್ ಬಿಟ್ಟು ತಲೆಯ ಮೇಲೆ ಹೋದವು. ಮೊಣಕೈ ಕಿವಿಗೆ, ಗಲ್ಲ ಎದೆಗೆ, ಕಣ್ಣು ಬಿಗಿಯಾಗಿ ಮುಚ್ಚಿ. ಆ ಭಂಗಿ ನಿಮಗೆ ಗೊತ್ತು.

ಮೂಗು ಮೊದಲು ಬಡಿಯಿತು. ಮುಂದಿನ ಚಕ್ರ ಕಡ್ಡಿಯ ಹಾಗೆ ಮುರಿಯಿತು, ಪ್ರೊಪೆಲ್ಲರ್ ಟಾರನ್ನು ಅಗೆಯುತ್ತ ಕಿರುಚಿತು, ಬೆಲ್ಟು ನನ್ನ ಮೂಳೆಯನ್ನು ಲಟಕ್ಕೆನ್ನಿಸಿತು. ಸಾರ್ ಕೈ ಚಾಚಿ ಮುಂದಕ್ಕೆ ಬಾಗಿದ್ದರಲ್ಲ, ಅವರ ಮುಖ ಡ್ಯಾಶ್‌ಬೋರ್ಡಿಗೆ ಅಪ್ಪಳಿಸಿತು. ದವಡೆ ಮುರಿದ ಸದ್ದು ಎಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. ಎಲ್ಲ ನಿಂತ ಮೇಲೆ ಕಣ್ಣು ಬಿಟ್ಟರೆ ಗಾಜಿನ ಮೇಲೆ ರಕ್ತ, ನನ್ನ ಮಡಿಲಲ್ಲಿ ಅವರ ಎರಡು ಹಲ್ಲು. ಆಗಲೂ ನನ್ನ ಕೈ ತಲೆಯ ಮೇಲೇ ಇತ್ತು. ಅಗ್ನಿಶಾಮಕದವರು ಬಂದು ಒಂದೊಂದೇ ಬೆರಳು ಬಿಡಿಸಿದರು.

ಬಸ್ಸು ಓಡಿಸುವುದರಲ್ಲಿ ನೀವು ಎತ್ತಿದ ಕೈ ಎಂದು ಡಿಪೋ ತುಂಬ ಹೇಳುತ್ತಾರೆ. ಮನೆಯಲ್ಲೂ ನೀವು ಎತ್ತಿದ ಕೈಯೇ, ಅರ್ಥ ಮಾತ್ರ ಬೇರೆ. ಮೂವತ್ತು ವರ್ಷ ಬಸ್ಸಿಗೆ ಒಂದು ಗೀರು ಬೀಳಿಸಲಿಲ್ಲ. ನನ್ನ ಮೈಮೇಲೆ ಬಾಸುಂಡೆ ಇಲ್ಲದ ವಾರ ಇರಲಿಲ್ಲ. ಡಿಪೋದ ಹಿಂದಿನ ಬಯಲಲ್ಲಿ ಹಳೇ ಜೀಪು ಓಡಿಸಲು ಕಲಿಸಿದಿರಲ್ಲ, ಎಂಜಿನ್ ಒಂದು ಸಲ ಆಫ್ ಆದರೆ ಕುತ್ತಿಗೆಗೆ ಒಂದು ಏಟು. "ದಂಡಂ ದಶಗುಣಂ" ಅನ್ನುತ್ತಿದ್ದಿರಿ. ಹತ್ತರಲ್ಲಿ ಒಂದು ಗುಣವೂ ನನಗೆ ಹತ್ತಲಿಲ್ಲ, ತಲೆ ಮುಚ್ಚಿಕೊಳ್ಳುವುದೊಂದು ಹತ್ತಿತು. ಬೆಲ್ಟಿನ ಬಕಲ್ ತಾಗಿ ಹುಬ್ಬು ಸೀಳಿದ ದಿನ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು, ಕಾಲಲ್ಲಿ ಚಪ್ಪಲಿ ಇಲ್ಲದೆ, ಅಳುತ್ತ ಆಸ್ಪತ್ರೆಗೆ ಓಡಿದವರೂ ನೀವೇ. "ಅಪ್ಪಂದು ಕೈ ಮುಂದು ಕಣೇ, ಮನಸ್ಸು ಬೆಣ್ಣೆ" ಎಂದು ಅಮ್ಮ ಸಮಾಧಾನ ಮಾಡುತ್ತಿದ್ದಳು. ಬೆಣ್ಣೆ ನನಗೂ ಗೊತ್ತು. ಈ ಶಾಲೆಯ ಅರ್ಜಿ ತಂದುಕೊಟ್ಟು "ನಾನು ನೆಲದ ಮೇಲೆ ಓಡಿಸ್ದೆ, ನೀನು ಮೇಲೆ ಓಡ್ಸು" ಅಂದವರು ಇನ್ಯಾರು? ನಿಮ್ಮನ್ನು ಪೂರ್ತಿ ದ್ವೇಷಿಸಲು ನೀವು ಬಿಡಲೇ ಇಲ್ಲ, ಅದಕ್ಕೇ ನನಗೆ ನಿಮ್ಮ ಮೇಲೆ ಹೆಚ್ಚು ಸಿಟ್ಟು.

ಈಗ ನಡೆಯುತ್ತಿರುವುದು ಕೇಳಿ. ವಿಮಾನದೊಳಗೆ ನಮ್ಮ ಬೆನ್ನ ಹಿಂದೆ ಒಂದು ಸಣ್ಣ ಕ್ಯಾಮೆರಾ ಇರುತ್ತದೆ. ಅದರಲ್ಲಿ ಬಿಸಿಲುಮರೆ ಕಾಣುವುದಿಲ್ಲ. ಒಬ್ಬ ಗಂಡಸಿನ ಕೈ ನನ್ನ ತಲೆಯ ಕಡೆಗೆ ಮೇಲೇಳುತ್ತದೆ, ನಾನು ತಲೆ ಮುಚ್ಚಿಕೊಳ್ಳುತ್ತೇನೆ, ವಿಮಾನ ಬೀಳುತ್ತದೆ. ನೋಡಿದವರೆಲ್ಲ ಸಾರ್ ಹೊಡೆದರು ಅಂತಲೇ ಅನ್ನುತ್ತಾರೆ. ವಿಚಾರಣೆಯ ಅಧಿಕಾರಿ ನನ್ನ ಮುಂದೆ ಕಾಗದ ತಳ್ಳಿ, "ಹೊಡೆದ್ರು ಅಂತ ಒಂದು ಸಾಲು ಬರೆದ್ಕೊಡಮ್ಮ. ನಿನ್ನ ತಪ್ಪೇನೂ ಇಲ್ಲ ಅಂತ ಆಗುತ್ತೆ, ಮುಂದಿನ ತಿಂಗಳು ಹಾರಬಹುದು" ಅಂದರು. ಮೇಜಿನ ಮೇಲಿದ್ದ ಪೇಪರ್‌ವೇಟ್ ಎತ್ತಿ ಅವರ ಕಪಾಟಿನ ಗಾಜಿಗೆ ಬೀಸಿದೆ. ನಿಮ್ಮ ಮಗಳೇ ತಾನೇ. ಆಮೇಲೆ ನಾನೇ ಪೊರಕೆ ಕೇಳಿ ಚೂರು ಗುಡಿಸಿದೆ. ಸುಮ್ಮನೆ ಬಾಯಿ ಮಾತಿಗೆ ಹೇಳುತ್ತಿಲ್ಲ, ಆ ಒಂದು ಸಾಲು ಬರೆಯುವ ಆಸೆ ನನಗೆ ಬಂದಿತ್ತು. ಎರಡು ದಿನ ಬಂದಿತ್ತು. ಆಮೇಲೆ ಆಸ್ಪತ್ರೆಗೆ ಹೋದೆ. ಸಾರ್ ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡುವ ಹಾಗಿಲ್ಲ, ಮುಖ ಬಾತು ಒಂದು ಕಣ್ಣು ಮುಚ್ಚಿಹೋಗಿದೆ. ಒಂದು ಚೀಟಿಯ ಮೇಲೆ ಬರೆದು ನನ್ನ ಕೈಗಿಟ್ಟರು: "ಹೇಳದೆ ಕೈ ಎತ್ತಬಾರದಿತ್ತು. ಹೆದರಿಸಿಬಿಟ್ಟೆ. ತಪ್ಪಾಯಿತು." ಅಪ್ಪಾ, ನನ್ನ ಜನ್ಮದಲ್ಲಿ ಎತ್ತಿದ ಕೈಗಾಗಿ ಯಾರಾದರೂ ನನ್ನ ಹತ್ತಿರ ತಪ್ಪಾಯಿತು ಅಂದದ್ದು ಅದೇ ಮೊದಲು. ನಾನು ಅವರ ಮಂಚದ ಕಂಬಿಗೆ ಹಣೆ ಚಚ್ಚಿಕೊಂಡೆ, ನರ್ಸ್ ಬಂದು ಎಳೆದುಕೊಂಡು ಹೋದರು.

ಈಗ ದಿನಾ ಅಭ್ಯಾಸ ನಡೆದಿದೆ. ನನ್ನ ಕೋಣೆಯ ಹುಡುಗಿ, ಮೈಯೆಲ್ಲ ಚುರುಕು, ಗುಂಡುಸೂಜಿ ಅಂತ ಕರೆಯುತ್ತೇವೆ. ನಾನು ಕುರ್ಚಿಯಲ್ಲಿ ಕೂತು ಪಾತ್ರೆಯ ಮುಚ್ಚಳವನ್ನು ಯೋಕಿನ ಹಾಗೆ ಹಿಡಿಯುತ್ತೇನೆ. ಅವಳು ಪಕ್ಕದಲ್ಲಿ ಕೂತು ಇದ್ದಕ್ಕಿದ್ದ ಹಾಗೆ ಕೈ ಎತ್ತುತ್ತಾಳೆ. ದಿನಕ್ಕೆ ಇನ್ನೂರು ಸಲ. ಮೊದಲ ದಿನ ಪ್ರತಿ ಸಲವೂ ಮುಚ್ಚಳ ನೆಲಕ್ಕೆ ಬಿತ್ತು. ಎರಡನೆಯ ದಿನ ಮೈಮೇಲೆ ದೆವ್ವ ಬಂದಂತಾಗಿ ಅವಳ ಬಾಯಿಗೆ ಗುದ್ದಿಬಿಟ್ಟೆ, ತುಟಿ ಒಡೆದು ರಕ್ತ ಸುರಿಯಿತು. "ಪರ್ವಾಗಿಲ್ಲ ಬಿಡೇ, ಕೈ ತಲೆ ಮೇಲೆ ಹೋಗ್ಲಿಲ್ವಲ್ಲ" ಎಂದು ರಕ್ತ ಉಗಿದು ಮತ್ತೆ ಕೈ ಎತ್ತಿದಳು. ಅವಳ ತುಟಿ ನೋಡಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನಿಮಗೂ ಹೀಗೇ ಆಗುತ್ತಿತ್ತೇ? ನಿನ್ನೆ ಇನ್ನೂರರಲ್ಲಿ ಮುಚ್ಚಳ ಬಿದ್ದದ್ದು ಹದಿನಾಲ್ಕು ಸಲ.

ಭುಜಕ್ಕೆ ಬಿಸಿನೀರಿನ ಶಾಖ ಕೊಡಿ, ಉದಾಸೀನ ಮಾಡಬೇಡಿ. ಅಮ್ಮನಿಗೆ ನನ್ನ ನೆನಪು ಹೇಳಿ, ಮೂಳೆ ಕೂಡಿಕೊಳ್ಳುತ್ತಿದೆ ಅನ್ನಿ. ನಿಮ್ಮಿಬ್ಬರ ಆಶೀರ್ವಾದ ಇರಲಿ, ಹಾರುವವರಿಗೆ ಅದು ನೆಲದವರಿಗಿಂತ ಸ್ವಲ್ಪ ಜಾಸ್ತಿಯೇ ಬೇಕು.

ಇತಿ,
ನಿಮ್ಮ ಮಗಳು

ಇನ್ನೊಂದು ಮಾತು. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಬರೆಯಲು ಧೈರ್ಯ ಬಂದಿರಲಿಲ್ಲ. ನಾನು ಆ ಕಾಗದದ ಮೇಲೆ ಬರೆದುಕೊಟ್ಟದ್ದು ಹೀಗೆ: "ಸಾರ್ ಹೊಡೆಯಲಿಲ್ಲ. ಕೈ ಎತ್ತಿದರೆ ತಲೆ ಮುಚ್ಚಿಕೊಳ್ಳುವುದನ್ನು ನನಗೆ ಕಲಿಸಿದ್ದು ನನ್ನ ತಂದೆ." ಅಧಿಕಾರಿ ನಂಬಲಿಲ್ಲ, ಸಾರನ್ನು ಉಳಿಸಲು ಕಥೆ ಕಟ್ಟುತ್ತಿದ್ದೇನೆ ಅಂದುಕೊಂಡಿದ್ದಾರೆ. ಮುಂದಿನ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಇಲ್ಲಿಯ ಡಾಕ್ಟರು ನಿಮಗೆ ಫೋನ್ ಮಾಡುತ್ತಾರೆ. ಕಾರಣ ಗೊತ್ತಿರುವ ಭಯವಾದರೆ ಅಭ್ಯಾಸ ಮಾಡಿಸಿ ಮತ್ತೆ ಹಾರಲು ಬಿಡಬಹುದಂತೆ. ಕಾರಣವಿಲ್ಲದೆ ಕೈ ಬಿಡುವವಳಾದರೆ ಇನ್ನೆಂದೂ ಇಲ್ಲವಂತೆ, ನನ್ನ ಮಾತು ಸುಳ್ಳೆಂದಾದರೆ ಸಾರ್ ಹೊಡೆದರೆಂದೇ ಅಧಿಕಾರಿ ಬರೆದು ಅವರ ಕೆಲಸವೂ ಹೋಗುತ್ತದಂತೆ. ನೆಂಟರ ಮುಂದೆಲ್ಲ "ನನ್ನ ಮಗಳಿಗೆ ಒಂದು ದಿನಾನೂ ಬೆರಳು ತಾಗಿಸಿಲ್ಲ" ಅನ್ನುತ್ತೀರಲ್ಲ, ಡಾಕ್ಟರ ಹತ್ತಿರ ಹಾಗನ್ನಬೇಡಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೂ ಮಾತಾಡಬೇಡಿ. ಹೊಡೆಯುತ್ತಿದ್ದೆ ಅನ್ನಿ. ಅಮ್ಮ ಪಕ್ಕದಲ್ಲಿ ನಿಂತಿದ್ದರೂ ಅನ್ನಿ. ಎಷ್ಟು ಸಲ ಎಂದು ಕೇಳಿದರೆ, ಲೆಕ್ಕವಿಲ್ಲ ಅನ್ನಿ.